ಎರಡು ಫ್ರೀ ಥ್ರೋ
ಊಟ ಮುಗಿಸಿ ಸುಮ್ನೆ ಯೂಟ್ಯೂಬ್ ನೋಡ್ತಿದ್ದೆ, 2012ರ ಯೂರೋಲೀಗ್ ಫೈನಲ್ ಸಿಕ್ತು, ಯುರೋಪಿನ ಕ್ಲಬ್‌ಗಳ ದೊಡ್ಡ ಬಾಸ್ಕೆಟ್‌ಬಾಲ್ ಟೂರ್ನಿ. ಇಸ್ತಾಂಬುಲ್‌ನಲ್ಲಿ ಆಗಿದ್ದು. ಗ್ರೀಸ್‌ನ ಒಲಿಂಪಿಯಾಕೋಸ್, ರಷ್ಯಾದ ಸಿಎಸ್‌ಕೆಎ ಮಾಸ್ಕೋ.

ಮೂರನೇ ಕ್ವಾರ್ಟರ್‌ನಲ್ಲಿ ಗ್ರೀಸ್‌ನವ್ರು 19 ಪಾಯಿಂಟ್ ಹಿಂದೆ. ನಾನಾಗಿದ್ರೆ ಟಿವಿ ಆಫ್ ಮಾಡಿ ಮಲಗ್ತಿದ್ದೆ.

ಕೊನೇ ಹತ್ತು ಸೆಕೆಂಡು. ಮಾಸ್ಕೋ ಒಂದೇ ಪಾಯಿಂಟ್ ಮುಂದೆ. ಅವರ ಸಿಸ್ಕೌಸ್ಕಾಸ್‌ಗೆ ಎರಡು ಫ್ರೀ ಥ್ರೋ, ಅಂದ್ರೆ ಯಾರೂ ಅಡ್ಡ ಬರದೆ ಹಾಕೋ ಶಾಟ್, ಒಂದೊಂದಕ್ಕೂ ಒಂದು ಪಾಯಿಂಟ್.
ಎರಡೂ ಮಿಸ್! ಅಂಥಾ ಅನುಭವಿ, ಮಾರಾಯ್ರೆ.

ಒಲಿಂಪಿಯಾಕೋಸ್‌ನ ಸ್ಪಾನೂಲಿಸ್ ನುಗ್ಗಿದ. ಮಾಸ್ಕೋದವ್ರು ಅವನ ಮೇಲೇ ಮುಗಿಬಿದ್ರು. ಅವನು ತಣ್ಣಗೆ ತನ್ನ ಟೀಮಿನ ಪ್ರಿಂಟೆಜಿಸ್‌ಗೆ ಪಾಸ್ ಕೊಟ್ಟ. ಪ್ರಿಂಟೆಜಿಸ್ ಒಂದೇ ಕೈಲಿ ಚೆಂಡು ಮೇಲಕ್ಕೆ ತೇಲಿಸಿದ. ಬಿತ್ತು. ಉಳಿದಿದ್ದು 0.7 ಸೆಕೆಂಡು. 62-61, ಒಲಿಂಪಿಯಾಕೋಸ್ ಗೆಲುವು.

ಎಲ್ರೂ ಆ ಶಾಟ್‌ನೇ ತಿರುಗಿಸಿ ತಿರುಗಿಸಿ ನೋಡ್ತಾರೆ, ನಾನೂ ನೋಡಿದೆ. ಆದ್ರೆ ತಲೇಲಿ ಕೂತಿರೋದು ಸಿಸ್ಕೌಸ್ಕಾಸ್. 2007ರಲ್ಲಿ ಗ್ರೀಸ್‌ನ ಇನ್ನೊಂದು ಕ್ಲಬ್ ಪಾನಥಿನೈಕೋಸ್ ಜೊತೆ, 2008ರಲ್ಲಿ ಇದೇ ಮಾಸ್ಕೋ ಜೊತೆ ಯೂರೋಲೀಗ್ ಗೆದ್ದವನು. ಈ ಫೈನಲ್ ಆದ 2012ರ ಸೀಸನ್ ಮುಗಿಸಿ ನಿವೃತ್ತನಾದ.
ಅವನು ಹಾಕಿದ ಬಾಸ್ಕೆಟ್‌ಗಳ ವಿಡಿಯೋ ಹುಡುಕ್ತಿದೀನಿ ಈಗ.