ಪಿನ್ನಿನ ಹಿಂಬದಿ

ಭಾನುವಾರ ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂ ಬಾಗಿಲು ತೆಗೆಯೋದು ಮಧ್ಯಾಹ್ನ. ಅದನ್ನು ನೋಡಿಕೊಳ್ಳದೆ ಬೆಳಿಗ್ಗೆ ಹತ್ತಕ್ಕೇ ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟಿಗೆ ಹೋಗಿ ನಿಂತೆ. ತಪ್ಪು ನಂದೇ. ಅಕ್ಕನ ಮಗಳು ಇಲ್ಲೇ ಓದುತ್ತಿದ್ದಾಳೆ. "ಒಂದು ಮಾತು ಕೇಳಬಾರದಿತ್ತಾ ಮಾಮ?" ಅಂದು ನಕ್ಕಳು.

ಹೊತ್ತು ಕಳೆಯಲು ಅಂಗಡಿ ಸುತ್ತಿದೆವು. ಎಲ್ಲಿ ನೋಡಿದರೂ ಗಂಟು, ಸುರುಳಿ, ಶಿಲುಬೆ. ಮಗ್ಗು, ಟವೆಲು, ಕೀಚೈನು, ಯಾವುದನ್ನೂ ಬಿಟ್ಟಿಲ್ಲ. ಈ ಚಿತ್ತಾರಕ್ಕೆ ಕೆಲ್ಟಿಕ್ ಅನ್ನುತ್ತಾರೆ. ಕೆಲ್ಟಿಕ್ ಅಂದರೆ ಐರಿಶ್, ಐರಿಶ್ ಅಂದರೆ ಕೆಲ್ಟಿಕ್ ಅನ್ನೋ ಲೆಕ್ಕ. ಅವಳು ಸ್ಕಾರ್ಫಿಗೆ ಚುಚ್ಚಲು ಒಂದು 'ಟಾರಾ ಬ್ರೋಚ್', ಅಂದರೆ ಬಳೆಯಾಕಾರದ ಅಲಂಕಾರದ ಪಿನ್ನು, ಕೊಂಡಳು.

ಅದರ ಅಸಲಿ ಇರುವುದು ಇದೇ ಮ್ಯೂಸಿಯಮ್ಮಿನಲ್ಲಿ. ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ. ಅಷ್ಟು ಹೆಸರು ಕೇಳಿದ ಮೇಲೆ ತಟ್ಟೆಯಷ್ಟಾದರೂ ಇರುತ್ತೆ ಅಂದುಕೊಂಡಿದ್ದೆ. ನೋಡಿದರೆ ಅಂಗೈಯಲ್ಲಿ ಹಿಡಿಯುವಷ್ಟು ಬಳೆ, ಸುಮಾರು 8.7 ಸೆಂಟಿಮೀಟರ್. ಪಿನ್ನು ಮಾತ್ರ ಒಂದಡಿಗಿಂತ ಉದ್ದ. ಕ್ರಿ.ಶ. 700ರ ಸುಮಾರಿನ ಕೆಲಸ. ಬೆಳ್ಳಿಗೆ ಚಿನ್ನದ ಲೇಪ, ನಡುನಡುವೆ ಅಂಬರ್ ಮಣಿ. ಕೂದಲಿನಂಥ ಚಿನ್ನದ ತಂತಿಯಲ್ಲಿ ಪ್ರಾಣಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕಣ್ಣು ಕಿರಿದು ಮಾಡಿ ನೋಡಿದರೆ ಇದು ಕಾಲು, ಇದು ದವಡೆ ಅಂತ ಗೊತ್ತಾಗುತ್ತದೆ. ಸರಪಣಿ ಸೇರುವ ಜಾಗದಲ್ಲಿ ಗಾಜಿನ ಪುಟಾಣಿ ಮನುಷ್ಯ ಮುಖಗಳು. ಇಷ್ಟು ಸಣ್ಣದಾಗಿ ಮಾಡಿದ್ದು ಯಾರಿಗೆ ಕಾಣಲಿ ಅಂತ? ಗಾಜಿಗೆ ಮೂಗು ತಾಗಿಸಿ ನಿಂತಿದ್ದೆ. ಹಿಂದಿದ್ದವರು ಕೆಮ್ಮಿದರು.

ಟಾರಾ ಎಂಬುದು ಐರ್ಲೆಂಡಿನ ಹಳೆಯ ಅರಸರ ಬೆಟ್ಟ. 1843ರಲ್ಲಿ ಐರಿಶ್ ನಾಯಕ ಡೇನಿಯಲ್ ಓಕಾನೆಲ್ ಬ್ರಿಟಿಷರ ಆಳ್ವಿಕೆಯ ವಿರುದ್ಧ ಭಾರೀ ಸಭೆ ನಡೆಸಿದ್ದೂ ಅಲ್ಲೇ. ಆದರೆ ಈ ಬ್ರೋಚಿಗೂ ಆ ಬೆಟ್ಟಕ್ಕೂ ಯಾವ ಸಂಬಂಧವೂ ಇಲ್ಲ. ಸಿಕ್ಕಿದ್ದು 1850ರಲ್ಲಿ, ಬೆಟ್ಟಿಸ್‌ಟೌನ್ ಎಂಬ ಕಡಲ ತೀರದಲ್ಲಿ, ಒಬ್ಬ ಬಡ ಹೆಂಗಸಿನ ಮಕ್ಕಳಿಗೆ ಅನ್ನುತ್ತಾರೆ. ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತ ಕಾಲ ಅದು. ಪಕ್ಕದೂರಿನ ಗಡಿಯಾರದ ಅಂಗಡಿಯವನು ಚೂರುಪಾರು ಕಾಸಿಗೆ ಕೊಂಡ. ಅವನಿಂದ ಡಬ್ಲಿನ್ನಿನ ಆಭರಣ ವ್ಯಾಪಾರಿ ಜಾರ್ಜ್ ವಾಟರ್‌ಹೌಸ್ ಕೊಂಡ. ಆತ ನಕಲು ಮಾಡಿಸಿ ಮಾರುತ್ತಿದ್ದವನು. 'ಬೆಟ್ಟಿಸ್‌ಟೌನ್ ಬ್ರೋಚ್' ಅಂದರೆ ಯಾರು ಕೊಳ್ಳುತ್ತಾರೆ? ಟಾರಾ ಅಂತ ಹೆಸರಿಟ್ಟ. 1851ರ ಲಂಡನ್ ಮಹಾಪ್ರದರ್ಶನಕ್ಕೂ ಕಳಿಸಿದ. ವಿಕ್ಟೋರಿಯಾ ರಾಣಿಗೂ ತೋರಿಸಿದರು. ಎಷ್ಟು ಜಾಣ ನೋಡಿ, ಅರಸರ ಗುರುತನ್ನು ಐರಿಶರಿಗೂ ಮಾರಿದ, ಅವರನ್ನು ಆಳುವವರಿಗೂ ತೋರಿಸಿದ! ಆದರೂ ಆ ಹೆಸರು ಜನರದ್ದೇ ಆಗಿಹೋಯಿತು. ಐರಿಶ್ ನೃತ್ಯದ ಹುಡುಗಿಯರು ಹೆಗಲ ಬಟ್ಟೆಗೆ ಚುಚ್ಚಿಕೊಳ್ಳುವುದು ಇದರದೇ ನಕಲು.

ಮರುದಿನ ಕಾನಲಿ ಸ್ಟೇಷನ್ನಿನಿಂದ ಬೆಟ್ಟಿಸ್‌ಟೌನಿನ ಪಕ್ಕದ ಲೇಟೌನಿಗೆ ರೈಲು ಹತ್ತಿದೆವು. ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ. ದಾರಿಯಲ್ಲಿ ಮೊಬೈಲಿನಲ್ಲಿ ಬ್ರೋಚಿನ ಹಿಂಬದಿಯ ಫೋಟೋ ದೊಡ್ಡದು ಮಾಡಿ ನೋಡುತ್ತಾ ಕೂತೆ. ನನಗೆ ನಿಜವಾಗಿ ಹಿಡಿಸಿದ್ದು ಅದೇ. ಮುಂದಿನ ಹೆಣೆದ ಪ್ರಾಣಿಗಳಿಗೆ ಇಂಗ್ಲೆಂಡಿನ ಆಂಗ್ಲೋ ಸ್ಯಾಕ್ಸನ್ ಕೆಲಸದ ನೆಂಟಸ್ತಿಕೆ ಇದೆ. ಈಗ ಎಲ್ಲರೂ ಕೆಲ್ಟಿಕ್ ಅನ್ನುವ ಗಂಟಿನಲ್ಲಿ ಹೊರಗಿನ ಎಳೆಗಳೇ ಜಾಸ್ತಿ. ಹಿಂಬದಿಯಲ್ಲಿ ಮಾತ್ರ ಕಹಳೆಯಂತೆ ಅಗಲವಾಗಿ ಸುತ್ತುವ ಹಳೆಯ ಸುರುಳಿ. ಸ್ವಿಟ್ಜರ್ಲೆಂಡಿನ ಲಾ ಟೆನ್ ಎಂಬಲ್ಲಿ ಕೆರೆದಂಡೆಯಲ್ಲಿ ಸಿಕ್ಕ ಕ್ರಿಸ್ತಪೂರ್ವ ಕಾಲದ ವಸ್ತುಗಳ ಹೆಸರಲ್ಲಿ ಕರೆಯುವ ಶೈಲಿ ಅದು. ತೊಟ್ಟಾಗ ಅದು ಬಟ್ಟೆಗೆ ಅಂಟಿಕೊಂಡಿರುತ್ತದೆ, ಯಾರಿಗೂ ಕಾಣದು.

"ಇದನ್ನ ಮಾಡಿದವನು ತನ್ನನ್ನ ಕೆಲ್ಟ್ ಅಂದ್ಕೊಂಡಿದ್ನಾ ಮಾಮ?" ಕೇಳಿದಳು. ಇಲ್ಲ. ಕೆಲ್ಟರು ಅನ್ನೋದು ಯುರೋಪಿನ ಒಳನಾಡಿನವರಿಗೆ ಗ್ರೀಕರು ಇಟ್ಟ ಹೆಸರು. ಐರಿಶ್, ವೆಲ್ಷ್, ಬ್ರೆಟನ್ ಭಾಷೆಗಳೆಲ್ಲ ಒಂದೇ ಮನೆಯವು ಅಂತ ವೇಲ್ಸಿನ ವಿದ್ವಾಂಸ ಎಡ್ವರ್ಡ್ ಲೂಯ್ಡ್ ತೋರಿಸಿದ್ದು 1707ರಲ್ಲಿ. ಈ ನಾಡಿನವರಿಗೆ ಆ ಹೆಸರು ಅಂಟಿದ್ದು ಅಲ್ಲಿಂದೀಚೆ. ಬ್ರೋಚಿಗೆ ಆಗಲೇ ಸಾವಿರ ವರ್ಷ.

ಲೇಟೌನಿನಲ್ಲಿ ಇಳಿದು ಮರಳ ಮೇಲೇ ನಡೆದೆವು. ಗಾಳಿ ಅಂದರೆ ಗಾಳಿ. ಒಂದು ಅಲೆ ಬಂದು ನನ್ನ ಶೂ ತೋಯಿಸಿತು. ಬೆಟ್ಟಿಸ್‌ಟೌನ್ ತೀರದಲ್ಲಿ ನಾಯಿ ಆಡಿಸುವವರು, ಐಸ್‌ಕ್ರೀಮ್ ತಿನ್ನುವ ಮಕ್ಕಳು. ಇಲ್ಲಿ ಸಿಗಲೇ ಇಲ್ಲ, ಒಳಗಡೆ ಯಾರದೋ ಜಮೀನಿನಲ್ಲಿ ಸಿಕ್ಕಿದ್ದು, ಒಡೆಯ ಕಿತ್ತುಕೊಂಡಾನು ಅಂತ ಸಮುದ್ರದ ಹೆಸರು ಹೇಳಿದರು ಅನ್ನುವ ಗುಮಾನಿಯೂ ಇದೆ. ನಾನು ನಂಬುತ್ತೇನೆ. ಹೊಟ್ಟೆಗಿಲ್ಲದವರು ಮತ್ತೇನು ಹೇಳಿಯಾರು, ಅಲ್ವಾ?

ಸ್ಕಾರ್ಫು ಹಾರಿಹೋಗುತ್ತದೆ ಅಂತ ಅವಳು ಹೊಸ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. "ಕೊಡು ಇಲ್ಲಿ" ಅಂದೆ. ಮುಂದೆ ಎಲ್ಲ ಗಂಟೂ ಸರಿಯಾಗೇ ಇತ್ತು. ತಿರುಗಿಸಿದೆ. ಹಿಂಬದಿ ಬರೀ ತಗಡು, ಮೇಲೆ ಬೆಲೆಯ ಚೀಟಿ. ಉಗುರಿನಿಂದ ಕೆರೆದೆ, ಅರ್ಧವಷ್ಟೇ ಬಂತು.