ಸೊಟ್ಟ ಮುಖವನ್ನು ಬರೆದ ಮಧ್ಯಾಹ್ನ

ಬಾಯಿ ಮುಕ್ಕಳಿಸೋಕೆ ಹಾಕಿಕೊಂಡ ನೀರು ಎಡಗಡೆಯಿಂದ ಸುಮ್ನೆ ಸೋರಿಹೋಯಿತು. ನನಗೆ ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ಸೋತು ಅರ್ಧ ಮುಖ ಅಲ್ಲಾಡದ ಹಾಗಾಗುವ ಕಾಯಿಲೆ, ಗೊತ್ತಾದದ್ದು ಹೀಗೆ. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಪಾರ್ಶ್ವವಾಯುವೇ ಇರಬೇಕು ಅಂತ ಎದೆ ಧಸಕ್ಕೆಂದಿತು. ಆಸ್ಪತ್ರೆಗೆ ಓಡಿದೆ. (ಇಂಥದ್ದಾದರೆ ಓಡಲೇಬೇಕು, ಮನೆಯಲ್ಲಿ ಕೂತು ಏನಿರಬಹುದು ಅಂತ ತೀರ್ಮಾನ ಮಾಡಬಾರದು.) ಡಾಕ್ಟರ್ ಹುಬ್ಬು ಎತ್ತಲು ಹೇಳಿದರು. ಎಡ ಹುಬ್ಬು ಏಳಲೇ ಇಲ್ಲ. ಹಣೆಯೂ ಸೇರಿ ಅರ್ಧ ಮುಖ ಸುಮ್ಮನಾಗಿದ್ದರೆ ತೊಂದರೆ ಸಾಮಾನ್ಯವಾಗಿ ಮುಖದ ನರದ್ದು, ಮಿದುಳಿನದ್ದಲ್ಲ ಅಂದರು. ಸ್ಟೀರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ರಾತ್ರಿ ರೆಪ್ಪೆಗೆ ಟೇಪ್. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ ಅಂತ ಧೈರ್ಯವನ್ನೂ ಹೇಳಿದರು.

ಧೈರ್ಯ ಬರಲಿಲ್ಲ. ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದೆ. ಕನ್ನಡಿ ಕಂಡರೆ ಮುಖ ತಿರುಗಿಸುತ್ತಿದ್ದೆ. ಇದಕ್ಕಿಂತ ಜಾಸ್ತಿ ಕಾಡಿದ್ದು ನೋಡಲು ಬಂದವರ ಮಾತು. “ಏನೂ ಗೊತ್ತಾಗಲ್ಲ ಬಿಡು” ಅನ್ನುತ್ತಿದ್ದರು, ಅದನ್ನೂ ನನ್ನ ಮುಖ ನೋಡದೆ, ಗೋಡೆ ನೋಡಿಕೊಂಡು.

ಒಂದು ಮಧ್ಯಾಹ್ನ ಇದ್ದಿಲು ಕಡ್ಡಿ ಹಿಡಿದು ಕನ್ನಡಿ ಮುಂದೆ ಕೂತೆ. ಚಿತ್ರ ಬರೆಯುವುದು ನನಗೆ ಹಳೇ ಅಭ್ಯಾಸ, ಆದರೆ ಬರೆದದ್ದೆಲ್ಲ ಬೇರೆಯವರ ಮುಖ. ಅವತ್ತು ಮನಸ್ಸಿಗೆ ಸಮಾಧಾನ ಸಿಗಲಿ ಅಂತೇನೂ ಕೂರಲಿಲ್ಲ. ಸಿಟ್ಟಿಗೆ ಕೂತೆ. ಎಷ್ಟು ಗೊತ್ತಾಗುತ್ತೆ ಅಂತ ಅಳೆದೇ ನೋಡೋಣ ಅಂತ.

ಹಣೆಯಿಂದ ಗಲ್ಲದವರೆಗೆ ಒಂದು ನೇರ ಗೆರೆ. ಕಣ್ಣಿಗೊಂದು, ಬಾಯಿಗೊಂದು ಅಡ್ಡ ಗೆರೆ. ಬಾಯಿಯ ಗೆರೆ ಓರೆಯಾಗಲೇಬೇಕಿತ್ತು. ಕಡ್ಡಿಯನ್ನು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಎಷ್ಟು ಓರೆ ಅಂತ ಅಳೆದೆ. ಮುಚ್ಚೋಕೆ ಬರುತ್ತಿದ್ದದ್ದೇ ಬಲಗಣ್ಣು ಒಂದು, ಆಯ್ಕೆಯ ಚಿಂತೆ ಇರಲಿಲ್ಲ. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಮಡಿಕೆ ಬಲಗಡೆ ಆಳವಾಗಿತ್ತು, ಎಡಗಡೆ ಇರಲೇ ಇಲ್ಲ. ಕೈ ಮಾತ್ರ ಅಭ್ಯಾಸಬಲದಿಂದ ಅಲ್ಲೂ ಒಂದು ಮಡಿಕೆ ಹಾಕುತ್ತಿತ್ತು. ಅಳಿಸಿ, ಇಲ್ಲದ್ದನ್ನು ಇಲ್ಲ ಅಂತಲೇ ಬರೆದೆ. ಹಣೆಯ ಬಲಭಾಗದಲ್ಲಿ ಸುಕ್ಕು, ಎಡಭಾಗ ನುಣ್ಣಗೆ. ಅಷ್ಟು ಮುಖಕ್ಕೆ ಪುಕ್ಕಟೆ ಯೌವನ!

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ವಿಕಾರ ಅನ್ನಿಸುತ್ತಿದ್ದದ್ದು ಕೆಟ್ಟ ಅರ್ಧದಿಂದಲ್ಲ. ಎಡಗಡೆ ಎದುರಿಗೆ ಎಳೆಯೋರು ಯಾರೂ ಇಲ್ಲದೆ, ಬಲಗಡೆಯ ಸ್ನಾಯುಗಳು ಹಗ್ಗಜಗ್ಗಾಟದಲ್ಲಿ ಗೆದ್ದವರ ಹಾಗೆ ಬಾಯನ್ನು ತಮ್ಮ ಕಡೆ ಜಗ್ಗಿಕೊಂಡಿದ್ದವು. ಎಡಗಡೆ ಪಾಪ, ಏನೂ ಮಾಡಿರಲಿಲ್ಲ. ಅಷ್ಟು ದಿನ ಶಾಪ ಹಾಕಿಸಿಕೊಂಡದ್ದು ಮಾತ್ರ ಅದೇ. ಎಡಗಣ್ಣಿಂದ ನೀರು ಇಳಿಯುತ್ತಲೇ ಇತ್ತು. ರೆಪ್ಪೆ ಮುಚ್ಚದಿದ್ದರೆ ಹಾಗೇ, ಅದು ಕಾಯಿಲೆಯ ನೀರು. ಬಲಗಣ್ಣಿಂದ ಬಂದದ್ದು ನನ್ನದು.

ಅಕ್ಕ ಬಂದು ಹಿಂದೆ ನಿಂತಳು. “ಅಲ್ವೇ, ನಿಂಗೆ ಆಗಿರೋದು ಎಡಗಡೆ. ಇದ್ರಲ್ಲಿ ಬಲಗಡೆ ಬರೆದಿದ್ದೀಯಲ್ಲ?” ಕನ್ನಡಿ ನೋಡಿ ಬರೆದರೆ ಹಾಗೇ ಕಣೇ ಅಂದೆ. ಡಚ್ ಚಿತ್ರಕಾರ ವ್ಯಾನ್‌ಗೋ 1889ರ ಜನವರಿಯಲ್ಲಿ ಕನ್ನಡಿ ನೋಡಿ ತನ್ನದೇ ಮುಖ ಬರೆದುಕೊಂಡ ಚಿತ್ರದಲ್ಲಿ ಬ್ಯಾಂಡೇಜ್ ಬಲಗಿವಿಗೆ ಕಟ್ಟಿದ ಹಾಗೆ ಕಾಣುತ್ತದೆ, ಅವನು ಕೊಯ್ದುಕೊಂಡದ್ದು ಎಡಗಿವಿ. ಅಕ್ಕನಿಗೆ ನಂಬಿಕೆ ಬರಲಿಲ್ಲ. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಚಿತ್ರ ನೋಡಿದಳು, ನನ್ನನ್ನು ನೋಡಿದಳು. “ಬಾಯಿ ಇನ್ನೂ ಸ್ವಲ್ಪ ಕೆಳಗೆ ಬರ್ಬೇಕು” ಅಂದಳು.

ಕಾಯಿಲೆ ಬಂದ ಮೇಲೆ ಗೋಡೆ ಬಿಟ್ಟು ನನ್ನ ಮುಖ ನೋಡಿ ಮಾತಾಡಿದವಳು ಅವಳೇ ಮೊದಲು. ಬಾಯಿ ಕೆಳಗೆ ತಂದೆ. ಅವಳು ಹೇಳಿದ್ದೇ ಸರಿ ಇತ್ತು.

ಇದನ್ನು ಆರ್ಟ್ ಥೆರಪಿ ಅನ್ನೋರಿದ್ದಾರೆ. ಆ ಹೆಸರು 1942ರಲ್ಲಿ ಏಡ್ರಿಯನ್ ಹಿಲ್ ಅನ್ನುವ ಬ್ರಿಟಿಷ್ ಕಲಾವಿದ ಇಟ್ಟದ್ದು. ಕ್ಷಯ ಬಂದು ಆರೋಗ್ಯಧಾಮ ಸೇರಿದ್ದಾಗ ಅವನೂ ಹೊತ್ತು ಕಳೆಯಲು ಚಿತ್ರ ಬರೆದಿದ್ದ. ಈಗ ಅದು ತರಬೇತಿ ಪಡೆದವರು ಮಾಡಿಸುವ ಚಿಕಿತ್ಸೆ, ನಾನು ಮಾಡಿದ್ದು ಅಷ್ಟು ದೊಡ್ಡದೇನಲ್ಲ. ನರವನ್ನು ವಾಸಿ ಮಾಡಿದ್ದಂತೂ ಚಿತ್ರ ಅಲ್ಲ. ಆದರೆ ಅವತ್ತಿನಿಂದ ಕೈ ಅಡ್ಡ ಇಡದೆ ಮಾತಾಡಿದೆ.

ಪೂರ್ತಿ ಸರಿಹೋಗಿಲ್ಲ. ನಕ್ಕರೆ ಎಡಗಣ್ಣು ತಾನಾಗಿ ಕಿರಿದಾಗುತ್ತದೆ. ನರ ಮತ್ತೆ ಬೆಳೆಯುವಾಗ ಕೆಲವು ಎಳೆ ಬೇರೆ ಸ್ನಾಯುವಿಗೆ ಹೋಗಿ ಸೇರಿದರೆ ಹೀಗಾಗುತ್ತದೆ. ಈಗ ಬರೆಯಬೇಕು ಅಂತಿರೋದು ಆ ನಗುವನ್ನೇ. ಕಷ್ಟ ಏನಂದರೆ ನಗುವನ್ನು ಅಷ್ಟು ಹೊತ್ತು ಹಿಡಿದಿಡೋಕೆ ಆಗಲ್ಲ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋಕು ಹೇಳಿಸುತ್ತೇನೆ. ಅವಳ ಜೋಕುಗಳ ಗುಣಮಟ್ಟ ನೋಡಿದರೆ ಚಿತ್ರ ಮುಗಿಯೋದು ಬಹಳ ತಡ.