ಏಳು ಐಪಾಡ್, ಒಂದು ಭೂತಗನ್ನಡಿ

ಡಬ್ಬಿ ಬೋರಲು ಹಾಕಿದಾಗ ಟೇಬಲ್ಲಿನ ಮೇಲೆ ಬಿದ್ದದ್ದು ಏಳು ಐಪಾಡ್, ಆಪಲ್ ಕಂಪನಿಯ ಹಳೇ ಹಾಡಿನ ಯಂತ್ರಗಳು. ಕೆಲವಕ್ಕೆ ಜೀವವಿತ್ತು, ಕೆಲವಕ್ಕೆ ಇರಲಿಲ್ಲ. ಆಗಬೇಕಿದ್ದ ಕೆಲಸ ಇಷ್ಟೇ: ಎಲ್ಲಕ್ಕೂ ಹೊಸ ಬ್ಯಾಟರಿ ತರಿಸಬೇಕು, ತರಿಸುವ ಮುನ್ನ ಯಾವುದು ಯಾವ ಮಾಡೆಲ್ ಅಂತ ಒಂದು ಹಾಳೆಯಲ್ಲಿ ಬರೆದಿಡಬೇಕು. ಒಂದು ಗಂಟೆಯಲ್ಲಿ ಮುಗಿಯಬೇಕಾದದ್ದು ಇಡೀ ಮಧ್ಯಾಹ್ನ ನುಂಗಿತು. ಅದರಲ್ಲೂ ಅರ್ಧ ಹೊತ್ತು ಹೋದದ್ದು ಏಳನೆಯದಕ್ಕೆ.

ಡಬ್ಬಿಯ ಜೊತೆ ಒಂದು ಹಳೇ ಚೀಟಿ ಇತ್ತು. ಅದರಲ್ಲಿ ‘30 ಜಿಬಿ ಐಪಾಡ್’ ಅಂತ ಒಂದು ಸಾಲು. ಆ ಸಾಲಿನಿಂದ ಮೂರು ಕಾಸಿನ ಉಪಯೋಗವಿಲ್ಲ. 30 ಜಿಬಿ ಐಪಾಡ್ 2003ರ ಮೂರನೇ ತಲೆಮಾರಿನಲ್ಲೂ ಇದೆ, 2005ರ ಕಲರ್ ಸ್ಕ್ರೀನಿನ ಐಪಾಡ್ ಫೋಟೋದಲ್ಲೂ ಇದೆ, ವಿಡಿಯೋ ತೋರಿಸುವ ಐದನೇ ತಲೆಮಾರಿನಲ್ಲಿ 2005ಕ್ಕೊಂದು, 2006ಕ್ಕೊಂದು ಇದೆ. ಮೊದಲ ಎರಡರ ಬ್ಯಾಟರಿ ಕೊನೆಯ ಎರಡಕ್ಕೆ ಕೂರುವುದಿಲ್ಲ, ಡಿಸ್ಕಿನ ಕನೆಕ್ಟರೂ ಬೇರೆ. ಜಿಬಿ ಹೇಳಿ ಬಿಡಿಭಾಗ ತರಿಸುವುದೂ ಬಣ್ಣ ಹೇಳಿ ಬೀಗದ ಕೈ ಮಾಡಿಸುವುದೂ ಒಂದೇ.

ಹಿಡಿಯಬೇಕಾದದ್ದು ಬೆನ್ನ ಮೇಲಿನ ‘ಎ’ ನಂಬರನ್ನು. ಹಿಂಬದಿಯ ಸಣ್ಣಕ್ಷರದ ಸಾಲುಗಳಲ್ಲಿ ‘ಮಾಡೆಲ್ ನಂ.’ ಅಂತ ಶುರುವಾಗಿ ‘ಎ’ ಅಕ್ಷರ, ಅದರ ಮುಂದೆ ನಾಲ್ಕು ಅಂಕಿ ಬರುತ್ತವೆ. ಉಜ್ಜಿ ಉಜ್ಜಿ ಕನ್ನಡಿಯಾದ ಸ್ಟೀಲಿನ ಮೇಲೆ ಅದನ್ನು ಓದುವುದೇ ಒಂದು ತಪಸ್ಸು. ನೇರ ಬೆಳಕಿಗೆ ಹಿಡಿದರೆ ಕಾಣುವುದು ನಮ್ಮ ಮುಖ, ಅಕ್ಷರವಲ್ಲ. ಟಾರ್ಚನ್ನು ಟೇಬಲ್ಲಿಗೆ ಅಡ್ಡ ಮಲಗಿಸಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಐಪಾಡನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡಿದರೆ ಒಂದು ಕೋನದಲ್ಲಿ ಬೂದುಬಣ್ಣದ ಅಕ್ಷರ ಥಟ್ಟನೆ ಎದ್ದು ಬರುತ್ತದೆ. ಭೂತಗನ್ನಡಿಗಿಂತ ಫೋನಿನ ಕ್ಯಾಮೆರಾ ವಾಸಿ. ಆ ಕೋನದಲ್ಲೇ ಒಂದು ಫೋಟೋ ತೆಗೆದು ಆಮೇಲೆ ಹಿಗ್ಗಿಸಿ ಓದಬಹುದು. ಸೀರಿಯಲ್ ನಂಬರ್ ಬರೆದುಕೊಳ್ಳುವಾಗ ದುಂಡಗೆ ಕಂಡದ್ದೆಲ್ಲ ಸೊನ್ನೆಯೇ. ಆಪಲ್ ಸೀರಿಯಲ್ಲಿನಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಬಳಸುವುದಿಲ್ಲ.

ಮೊದಲು ಕೈಗೆ ಬಂದದ್ದು ಬೆಳ್ಳಿ ಬಣ್ಣದ ಮಿನಿ. (ಮಿನಿ, ನ್ಯಾನೋ, ಶಫಲ್, ಟಚ್, ಕ್ಲಾಸಿಕ್ ಎಲ್ಲ ಐಪಾಡಿನದೇ ಬೇರೆ ಬೇರೆ ಜಾತಿ.) ಬೆನ್ನ ಮೇಲೆ ಎ1051. ಅಲ್ಲಿಗೆ ಮುಗಿಯಿತು ಅನ್ನುವ ಹಾಗಿಲ್ಲ, ಯಾಕೆಂದರೆ 2004ರ ಮಿನಿಗೂ 2005ರ ಎರಡನೇ ಮಿನಿಗೂ ಅದೇ ನಂಬರ್. ನೀಲಿ, ಗುಲಾಬಿ, ಹಸಿರು ಮಿನಿಯಾದರೆ ಸುಲಭ: ಚಕ್ರದ ಮೇಲಿನ ‘ಮೆನು’ ಅಕ್ಷರ ಬೂದುಬಣ್ಣದಲ್ಲಿದ್ದರೆ ಮೊದಲನೆಯದು, ಮೈಬಣ್ಣದಲ್ಲೇ ಇದ್ದರೆ ಎರಡನೆಯದು. ಚಿನ್ನದ ಬಣ್ಣವಂತೂ ಮೊದಲನೆಯದರಲ್ಲಿ ಮಾತ್ರ. ಬೆಳ್ಳಿಯದರ ತಾಪತ್ರಯವೆಂದರೆ ಮೈಬಣ್ಣವೂ ಹೆಚ್ಚುಕಡಿಮೆ ಬೂದಿಯೇ. ಆಗ ಬೆನ್ನು ತಿರುಗಿಸಿ ನೋಡಬೇಕು. ಎಷ್ಟು ಜಿಬಿ ಅಂತ ಕೆತ್ತಿದ್ದು ಎರಡನೇ ಮಿನಿಯಲ್ಲಿ. ಇದರಲ್ಲಿ ‘4 ಜಿಬಿ’ ಕೆತ್ತಿತ್ತು, ಹಾಳೆಗೆ ಹೋಯಿತು.

ಎರಡನೆಯದು ನೋಡಿದ ಕೂಡಲೇ ಗುರುತು ಸಿಗುವಂಥದ್ದು. ಸ್ಕ್ರೀನಿನ ಕೆಳಗೆ ಸಾಲಾಗಿ ನಾಲ್ಕು ದುಂಡು ಗುಂಡಿ, ಅದರ ಕೆಳಗೆ ಚಕ್ರ. ಈ ಜೋಡಣೆ ಇರುವುದು ಮೂರನೇ ತಲೆಮಾರಿನಲ್ಲಿ ಮಾತ್ರ, ಎ1040. 2001ರ ಮೊದಲನೆಯದರಲ್ಲಿ ಚಕ್ರ ನಿಜವಾಗಿಯೂ ತಿರುಗುತ್ತದೆ. 2002ರದ್ದರಲ್ಲಿ ತಿರುಗುವುದಿಲ್ಲ, ಬೆರಳು ಸವರಿದರೆ ಸಾಕು. ಎರಡರಲ್ಲೂ ಗುಂಡಿಗಳು ಚಕ್ರದ ಸುತ್ತ ಇವೆ, ತುದಿಯಲ್ಲಿ ಫೈರ್‌ವೈರ್ ಎಂಬ, ಯುಎಸ್‌ಬಿಯಂಥದ್ದೇ ಇನ್ನೊಂದು ಹಳೇ ಕೇಬಲ್ಲಿನ ಕಿಂಡಿ ಇದೆ. 2003ರಲ್ಲಿ ಗುಂಡಿ ಮೇಲಕ್ಕೆ ಹೋದವು, ಅಡಿಗೆ 30 ಪಿನ್ನಿನ ಅಗಲ ಕಿಂಡಿ ಬಂತು. ನಾಲ್ಕನೇ ತಲೆಮಾರಿನಿಂದ ಗುಂಡಿಗಳು ಚಕ್ರದೊಳಗೇ ಸೇರಿಕೊಂಡವು.

ಈ ಮೂರನೇ ತಲೆಮಾರಿನದರ ವಿಷಯದಲ್ಲಿ ಎಷ್ಟೋ ಜನ ಮೋಸ ಹೋಗುವುದು ಚಾರ್ಜಿಂಗಿನಲ್ಲಿ. ಯುಎಸ್‌ಬಿ ಕೇಬಲ್ ಚೆನ್ನಾಗಿಯೇ ಕೂರುತ್ತದೆ, ಕಂಪ್ಯೂಟರಿನಿಂದ ಹಾಡೂ ಹೋಗುತ್ತದೆ, ಆದರೆ ಚಾರ್ಜ್ ಆಗುವುದಿಲ್ಲ. ಅದಕ್ಕೆ ಕರೆಂಟ್ ಬೇಕಾದದ್ದು ಫೈರ್‌ವೈರ್ ಪಿನ್ನುಗಳಿಂದ. ರಾತ್ರಿಯಿಡೀ ಯುಎಸ್‌ಬಿಗೆ ಸಿಕ್ಕಿಸಿಟ್ಟು ಬೆಳಿಗ್ಗೆ ‘ಬೋರ್ಡ್ ಹೋಗಿದೆ’ ಎಂದು ತೀರ್ಪು ಕೊಟ್ಟು ಎಸೆದವು ಎಷ್ಟಿವೆಯೋ. ಮಾಡೆಲ್ ಗುರುತು ಹಿಡಿಯದೆ ರೋಗ ಹೇಳಬಾರದು ಅನ್ನುವುದು ಇದಕ್ಕೇ. ಇನ್ನೊಂದು ತುದಿಯಲ್ಲಿ ಇದರ ತಿರುಗುಮುರುಗು: 2008ರ ನಾಲ್ಕನೇ ನ್ಯಾನೋ, ಎರಡನೇ ಟಚ್ ಇವೆರಡೂ ಫೈರ್‌ವೈರ್ ಪಿನ್ನಿನ ಕರೆಂಟನ್ನು ಮುಟ್ಟುವುದೇ ಇಲ್ಲ, ಹಳೇ ಸ್ಪೀಕರ್ ಡಾಕಿನ ಮೇಲೆ ಇಟ್ಟರೆ ಹಾಡುತ್ತವೆ, ಚಾರ್ಜ್ ಆಗವು.

ಟೇಬಲ್ಲಿನ ಮೂರನೆಯ ಐಪಾಡ್ ಬಿಳಿ ನ್ಯಾನೋ, ಮುಂದೆ ಪ್ಲಾಸ್ಟಿಕ್ಕು, ಹಿಂದೆ ಸ್ಟೀಲು, ಎ1137. ಇದೇ ಆಕಾರದ ಎರಡನೇ ನ್ಯಾನೋ ಎ1199 ಪೂರ್ತಿ ಅಲ್ಯುಮಿನಿಯಮ್ಮಿನದು, ಕೈಗೆ ತಣ್ಣಗೆ ತಾಗುತ್ತದೆ. ಮೊದಲ ನ್ಯಾನೋ ಎಂದು ಗೊತ್ತಾದ ಗಳಿಗೆಯಲ್ಲೇ ಅದನ್ನು ಚಾರ್ಜರಿನಿಂದ ದೂರ ಇಡುವುದು ಒಳ್ಳೆಯದು. 2005ರ ಸೆಪ್ಟೆಂಬರಿನಿಂದ 2006ರ ಡಿಸೆಂಬರಿನವರೆಗೆ ಮಾರಾಟವಾದ ಈ ನ್ಯಾನೋಗಳಲ್ಲಿ ಕೆಲವು ಬ್ಯಾಟರಿ ವಿಪರೀತ ಕಾಯಬಹುದೆಂದು 2011ರ ನವೆಂಬರಿನಲ್ಲಿ ಆಪಲ್ಲೇ ಪ್ರಕಟಿಸಿ ಬದಲಿ ಕೊಡುವ ಏರ್ಪಾಡು ಮಾಡಿತ್ತು. ಟೇಬಲ್ಲಿನ ಮೇಲಿದ್ದುದನ್ನು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ನೋಡಿದರೆ ನಡುವೆ ಒಂದಿಷ್ಟು ಉಬ್ಬು. ಸ್ಟೀಲಿನ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ ಉಗುರು ತೂರುವಷ್ಟು ಸಂದು. ಅದನ್ನು ಚಾರ್ಜಿಗೆ ಹಾಕಲಿಲ್ಲ, ಒತ್ತಿ ಕೂರಿಸಲೂ ಹೋಗಲಿಲ್ಲ, ಬೇರೆಯೇ ತಟ್ಟೆಯಲ್ಲಿ ಇಟ್ಟದ್ದಾಯಿತು.

ಉಳಿದ ನ್ಯಾನೋಗಳನ್ನು ಆಕಾರದಲ್ಲೇ ಹೇಳಬಹುದು. ಗಿಡ್ಡಗೆ ಅಗಲವಾಗಿದ್ದರೆ ಮೂರನೇ ತಲೆಮಾರು, ಎ1236. ಉದ್ದಕ್ಕೆ ಮೈ ಬಾಗಿದ್ದರೆ ನಾಲ್ಕು, ಎ1285. ಅದೇ ಆಕಾರಕ್ಕೆ ಬೆನ್ನಲ್ಲಿ ಕ್ಯಾಮೆರಾ ಕಣ್ಣಿದ್ದರೆ ಐದು, ಎ1320. ಚಕ್ರವೇ ಇಲ್ಲದ, ಹಿಂದೆ ಕ್ಲಿಪ್ಪಿರುವ ಚೌಕ ಆರು, ಎ1366. ಹೋಮ್ ಬಟನ್ನೂ ಲೈಟ್ನಿಂಗ್ ಕಿಂಡಿಯೂ ಇದ್ದರೆ ಏಳು, ಎ1446.

ಶಫಲ್‌ಗೆ ಹೆಚ್ಚು ಹೊತ್ತು ಬೇಕಿಲ್ಲ. ಮುಚ್ಚಳ ತೆಗೆದರೆ ಯುಎಸ್‌ಬಿ ಮೂತಿ ಕಾಣುವ ಬಿಳಿ ಕಡ್ಡಿ ಮೊದಲ ತಲೆಮಾರಿನದು. ಮೈಮೇಲೆ ಪ್ಲೇ ಗುಂಡಿಯೇ ಇಲ್ಲದೆ ಎಲ್ಲವೂ ಇಯರ್‌ಫೋನ್ ವೈರಿನಲ್ಲಿದ್ದರೆ ಮೂರನೆಯದು, ಎ1271. ಮಾಮೂಲಿ ಇಯರ್‌ಫೋನ್ ಹಾಕಿ ‘ಶಬ್ದ ಜಾಸ್ತಿ ಆಗ್ತಿಲ್ಲ’ ಅನ್ನುವ ದೂರು ಇದರದ್ದೇ. ಕ್ಲಿಪ್ಪೂ ದುಂಡು ಗುಂಡಿಗಳೂ ಇದ್ದು ಮೈ ಅಡ್ಡಡ್ಡ ಉದ್ದವಿದ್ದರೆ ಎರಡು, ಎ1204. ಹೆಚ್ಚುಕಡಿಮೆ ಚೌಕವಾಗಿದ್ದು ಮೇಲಂಚಿನಲ್ಲಿ ಹಾಡಿನ ಹೆಸರು ಓದಿ ಹೇಳುವ ವಾಯ್ಸ್‌ಓವರ್ ಗುಂಡಿ ಇದ್ದರೆ ನಾಲ್ಕು, ಎ1373. ನಮ್ಮ ನಾಲ್ಕನೆಯ ಐಪಾಡ್ ಎ1204.

ಟಚ್ ಒಂದಿತ್ತು, 8 ಜಿಬಿಯದು. 2009ರ ಕೊನೆಯಲ್ಲಿ ಕೊಂಡದ್ದು, ಹಾಗಾಗಿ ಮೂರನೇ ತಲೆಮಾರು ಎಂದು ಚೀಟಿಯಲ್ಲಿ ಬರೆದಿತ್ತು. ಬೆನ್ನ ಮೇಲೆ ಎ1288. ಚೀಟಿ ತಪ್ಪು. ಆ ವರ್ಷ 32 ಮತ್ತು 64 ಜಿಬಿಯವು ಮಾತ್ರ ಹೊಸ ಬೋರ್ಡಿನವು, ಎ1318. 8 ಜಿಬಿಯದು ಹಿಂದಿನ ವರ್ಷದ ಎರಡನೇ ತಲೆಮಾರೇ, ಬೆಲೆ ಇಳಿಸಿ ಮುಂದುವರಿಸಿದ್ದು. ಹೊರಗಿನಿಂದ ಅವಳಿಜವಳಿ. ಒಳಗೆ ವ್ಯತ್ಯಾಸ ದೊಡ್ಡದು: ಎರಡನೆಯದಕ್ಕೆ ಐಓಎಸ್ 4.2.1ಕ್ಕೆ ಬಾಗಿಲು ಮುಚ್ಚಿತು, ಮೂರನೆಯದು 5.1.1ರವರೆಗೆ ಹೋಗುತ್ತದೆ. ಕೊಂಡ ವರ್ಷ ನಂಬಿ ಮಾಡೆಲ್ ಹೇಳಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆರನೆಯದು ಕ್ಲಾಸಿಕ್, ಅಲ್ಯುಮಿನಿಯಂ ಮುಖ, ಎ1238. 2007, 2008, 2009ರ ಮೂರಕ್ಕೂ ಇದೇ ನಂಬರಾದ್ದರಿಂದ ಜಿಬಿ ನೋಡಬೇಕು: 80 ಆದರೆ 2007, 120 ಆದರೆ 2008. 160 ಆದರೆ ಸ್ಕೇಲ್ ಎತ್ತಿಕೊಳ್ಳಬೇಕು. ದಪ್ಪ 13.5 ಮಿ.ಮೀ. ಇದ್ದರೆ 2007ರದ್ದು, 10.5 ಇದ್ದರೆ 2009ರದ್ದು. ಇದು 10.5 ಬಂತು. ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಹಾಕುವ ಯೋಚನೆ ಇದ್ದವರಿಗೆ ಇದು ಶುಭಸುದ್ದಿ, ಏಕೆಂದರೆ 80 ಮತ್ತು 120 ಜಿಬಿ ಕ್ಲಾಸಿಕ್ಕಿನ ಮೂಲ ಸಾಫ್ಟ್‌ವೇರ್ 128 ಜಿಬಿ ಆಚೆಗೆ ಲೆಕ್ಕವಿಡುವುದಿಲ್ಲ. 2009ರದ್ದಕ್ಕೆ ಆ ಗೋಡೆ ಇಲ್ಲ.

ಇನ್ನು ಏಳನೆಯದು. ಕಪ್ಪು ಪ್ಲಾಸ್ಟಿಕ್ ಮುಖ, ಎರಡೂವರೆ ಇಂಚಿನ ಸ್ಕ್ರೀನ್, ಹಿಂದೆ ದಪ್ಪ ಸ್ಟೀಲು. ಎ1136, ಅಂದರೆ ಐದನೇ ತಲೆಮಾರು. ಬೆನ್ನ ಮೇಲೆ ‘80 ಜಿಬಿ’. ಐದನೆಯದರಲ್ಲಿ 80 ಬಂದದ್ದು 2006ರ ಸೆಪ್ಟೆಂಬರಿನ ಪರಿಷ್ಕೃತ ಮಾಡೆಲ್ಲಿನಲ್ಲಿ ಮಾತ್ರ. 2005ರಲ್ಲಿ ಇದ್ದದ್ದು 30 ಮತ್ತು 60. ಬೆನ್ನಿನ ಸೀರಿಯಲ್ಲೂ ಅದನ್ನೇ ಹೇಳಿತು. ಹಳೆಯ ಹನ್ನೊಂದು ಅಕ್ಷರದ ಸೀರಿಯಲ್ಲಿನಲ್ಲಿ ಮೊದಲೆರಡು ಕಾರ್ಖಾನೆ, ಮೂರನೆಯದು ವರ್ಷದ ಕೊನೆಯ ಅಂಕಿ, ನಾಲ್ಕು ಮತ್ತು ಐದು ಸೇರಿ ಆ ವರ್ಷದ ವಾರ, ಕೊನೆಯ ಮೂರು ಮಾಡೆಲ್ಲಿನ ಸಂಕೇತ. ಇದರಲ್ಲಿ 6, ಆಮೇಲೆ 45. ಕೊನೆಯ ಮೂರು ‘ವಿ9’ ಎಂದು ಶುರು. 2006ರ ಪರಿಷ್ಕೃತ ಮಾಡೆಲ್‌ಗಳ ಸಂಕೇತಗಳಲ್ಲಿ ಬಹುಪಾಲು ಹಾಗೇ ಶುರುವಾಗುತ್ತವೆ. ಎಲ್ಲ ತಾಳೆಯಾಯಿತು, ಹಾಳೆಯಲ್ಲಿ ಬರೆದೂ ಆಯಿತು.

ಆದರೆ ಆನ್ ಮಾಡಿದಾಗ ಮ್ಯೂಸಿಕ್ ಮೆನುವಿನಲ್ಲಿ ‘ಸರ್ಚ್’ ಇರಲಿಲ್ಲ. 2005ರದ್ದನ್ನೂ 2006ರದ್ದನ್ನೂ ಬೇರ್ಪಡಿಸುವ ಗಟ್ಟಿ ಗುರುತು ಅದೇ. ಬ್ರೈಟ್‌ನೆಸ್ ಸೆಟ್ಟಿಂಗ್ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ, ಅದು ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಹಳೆಯದಕ್ಕೂ ಬಂತು, ಸರ್ಚ್ ಬರಲಿಲ್ಲ.

ಸೆಟ್ಟಿಂಗ್ಸ್ ಒಳಗೆ ‘ಅಬೌಟ್’ ತೆರೆದಾಗ ಗೋಜಲು ಇನ್ನೂ ಹೆಚ್ಚಿತು. ಕೆಪಾಸಿಟಿ 59 ಜಿಬಿ ಚಿಲ್ಲರೆ. 80 ಜಿಬಿ ಡಿಸ್ಕಾದರೆ 74ರ ಆಸುಪಾಸು ತೋರಿಸಬೇಕು, 30ರದ್ದಾದರೆ 28ರ ಒಳಗೆ. ಡಬ್ಬಿಯ ಮೇಲೆ ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್. ಐಪಾಡ್ ಲೆಕ್ಕ ಹಾಕುವುದು 1024ರ ಗುಣಕದಲ್ಲಿ, ಅದಕ್ಕೇ ನೂರಕ್ಕೆ ಏಳು ಪಾಲು ಕರಗಿದಂತೆ ಕಾಣುತ್ತದೆ. ಹಾಗೆ ಹಿಂದಕ್ಕೆ ಗುಣಿಸಿದರೆ 59.6ಕ್ಕೆ ಬರುವುದು 64. ಈ ಐಪಾಡಿನಲ್ಲಿ 64 ಜಿಬಿ ಡಿಸ್ಕ್ ಎಂದೂ ಬಂದಿಲ್ಲ. ಒಳಗೆ ಇರುವುದು ಡಿಸ್ಕಲ್ಲ, ಮೆಮೊರಿ ಕಾರ್ಡ್.

ಅದೇ ಪರದೆಯಲ್ಲಿ ಕೆಳಗೆ ಮಾಡೆಲ್: ಎಂಎ146. ಅದು 2005ರ ಕಪ್ಪು 30 ಜಿಬಿ. 2006ರ ಕಪ್ಪು 30 ಆಗಿದ್ದರೆ ಎಂಎ446, ಕಪ್ಪು 80 ಆಗಿದ್ದರೆ ಎಂಎ450 ಇರಬೇಕಿತ್ತು. (ಮೊದಲಕ್ಷರ ‘ಎಂ’ ಬದಲು ‘ಪಿ’ ಇದ್ದರೆ ಗಾಬರಿ ಬೇಡ, ಹೆಸರು ಕೆತ್ತಿಸಿ ಕೊಂಡದ್ದು ಎಂದರ್ಥ, ಮಾಡೆಲ್ ಅದೇ.) ಸೀರಿಯಲ್ಲೂ ಬೆನ್ನಿನದಲ್ಲ: ಮೂರನೇ ಜಾಗದಲ್ಲಿ 5, ಆಮೇಲೆ 48. ಪರದೆಯ ಸೀರಿಯಲ್ ಬೋರ್ಡಿನೊಳಗೆ ಬರೆದಿರುವಂಥದ್ದು, ಬೆನ್ನಿನದು ತಗಡಿನ ಮೇಲೆ ಕೆತ್ತಿದ್ದು. ತಗಡನ್ನು ಹತ್ತು ನಿಮಿಷದಲ್ಲಿ ಬದಲಿಸಬಹುದು. ಎರಡೂ ತಾಳೆಯಾಗದಿದ್ದರೆ ನಂಬಬೇಕಾದದ್ದು ಪರದೆಯದ್ದನ್ನೇ.

ಪರದೆ ಸತ್ತಿದ್ದರೆ ಕಂಪ್ಯೂಟರಿಗೆ ಸಿಕ್ಕಿಸಿ ಐಟ್ಯೂನ್ಸ್ ಅಥವಾ ಫೈಂಡರ್‌ನಲ್ಲಿ ಅದೇ ಸೀರಿಯಲ್ ನೋಡಬಹುದು. ಪರದೆ ಇದ್ದೂ ಮೆನು ಬಾರದಿದ್ದರೆ ಗುಂಡಿಗಳಿಗೆ ಬೀಗ ಹಾಕುವ ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆದು, ಮೆನು ಮತ್ತು ನಡುಗುಂಡಿ ಎರಡನ್ನೂ ಆರೆಂಟು ಸೆಕೆಂಡ್ ಒತ್ತಬೇಕು. ಸೇಬು ಕಂಡ ತಕ್ಷಣ ಬೆರಳು ಬಿಟ್ಟು ನಡುಗುಂಡಿ ಮತ್ತು ಹಿಂದಿನ ಹಾಡಿನ ಗುಂಡಿ ಒತ್ತಿ ಹಿಡಿದರೆ ಪರೀಕ್ಷಾ ಮೆನು ಬರುತ್ತದೆ. ತಪ್ಪಿ ಪ್ಲೇ ಗುಂಡಿ ಒತ್ತಿದರೆ ಡಿಸ್ಕ್ ಮೋಡಿಗೆ ಹೋಗುತ್ತದೆ, ನಷ್ಟವೇನಿಲ್ಲ, ಮತ್ತೆ ಮೊದಲಿಂದ. ಚಕ್ರದೊಳಗೆ ಗುಂಡಿ ಇರುವ ಐಪಾಡ್‌ಗಳ ಕ್ರಮ ಇದು. ನಾಲ್ಕು ಗುಂಡಿಯ ಮೂರನೇ ತಲೆಮಾರಿನದನ್ನು ರೀಸೆಟ್ ಮಾಡಲು ಮೆನು ಮತ್ತು ಪ್ಲೇ ಒತ್ತಬೇಕು.

ಕೊನೆಗೆ ತೆರೆದೇ ನೋಡಿದ್ದಾಯಿತು. ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸ್ಟೀಲಿಗೂ ಮುಖಕ್ಕೂ ನಡುವೆ ತೂರಿಸಿ ಪಕ್ಕದ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತ ಬರಬೇಕು. ಬಿಟ್ಟುಕೊಂಡ ಖುಷಿಯಲ್ಲಿ ಎರಡನ್ನೂ ಎಳೆದು ಬೇರೆ ಮಾಡಿದರೆ ಕೆಲಸ ಕೆಟ್ಟಿತು. ಬ್ಯಾಟರಿಯ ಪಟ್ಟಿಯೂ ಹೆಡ್‌ಫೋನ್ ಜ್ಯಾಕಿನ ಪಟ್ಟಿಯೂ ಹಿಂಬದಿಯಿಂದ ಬೋರ್ಡಿಗೆ ಹೋಗುತ್ತವೆ. ಪುಸ್ತಕ ಬಿಚ್ಚಿದ ಹಾಗೆ ಪಕ್ಕಕ್ಕೆ ಮಲಗಿಸಿ, ಕನೆಕ್ಟರಿನ ಪುಟ್ಟ ಚಿಲಕ ಎತ್ತಿಯೇ ಪಟ್ಟಿ ಬಿಡಿಸಬೇಕು. ಒಳಗೆ ಡಿಸ್ಕಿನ ಜಾಗದಲ್ಲಿ ಒಂದು ಹಸಿರು ಅಡಾಪ್ಟರ್, ಅದರ ಮೇಲೆ ಕಾರ್ಡ್. ಡಿಸ್ಕ್ ಹೋಗಿ ಖಾಲಿಯಾದ ಜಾಗದಲ್ಲಿ ಬೆರಳು ಗಾತ್ರದ ಸ್ಪಂಜು ತುಂಬಿತ್ತು.

ಯಾಕೆ ಹೀಗೆ ಮಾಡಿದ್ದರು ಅನ್ನುವುದು ಆಗ ಹೊಳೆಯಿತು. 30 ಜಿಬಿಯ ಮೂಲ ಐಪಾಡ್ 11 ಮಿ.ಮೀ., 60 ಮತ್ತು 80ರವು 14. ಆ ಮೂರು ಮಿಲಿಮೀಟರಿನಲ್ಲಿ ದಪ್ಪ ಬ್ಯಾಟರಿ ಕೂರುತ್ತದೆ, ಕನೆಕ್ಟರ್ ಒಂದೇ. ಜಾಣತನದ ಕೆಲಸವೇ. ಆದರೆ ‘ಇದು ಯಾವ ಮಾಡೆಲ್’ ಅನ್ನುವ ಪ್ರಶ್ನೆಗೆ ಈಗ ಒಂದೇ ಉತ್ತರ ಉಳಿದಿರಲಿಲ್ಲ. ಬ್ಯಾಟರಿ ತರಿಸುವಾಗ ಇದು 80 ಜಿಬಿಯದು. ಹೆಡ್‌ಫೋನ್ ಜ್ಯಾಕ್ ಕೆಟ್ಟರೂ ದಪ್ಪದ್ದರ ಬಿಡಿಭಾಗವೇ ಬೇಕು, ತೆಳುವಿನದು ಹೊಂದುವುದಿಲ್ಲ. ಹಾಡು ತುಂಬುವಾಗ ಮಾತ್ರ ಇದು 30ರದ್ದು: ಆ ಬೋರ್ಡಿನಲ್ಲಿ ಇರುವುದು 32 ಎಂಬಿ ರ‍್ಯಾಮ್, 60 ಮತ್ತು 80ರಲ್ಲಿ ಇರುವಂತೆ 64 ಅಲ್ಲ. ಕಾರ್ಡ್ ಎಷ್ಟೇ ದೊಡ್ಡದಿರಲಿ, ಹಾಡಿನ ಪಟ್ಟಿ ತೀರಾ ಉದ್ದವಾದರೆ ಮೆನು ತೆವಳತೊಡಗುತ್ತದೆ.

ಹಾಳೆಯಲ್ಲಿ ಬರೆದದ್ದನ್ನು ಹೊಡೆದುಹಾಕಿ, ಮುಚ್ಚುವ ಮೊದಲು ಒಳಗಿನ ತಗಡಿಗೆ ಒಂದು ಚೂರು ಕಾಗದದ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟು: ‘ಬೋರ್ಡ್ ಎಂಎ146, 2005. ಬೆನ್ನು 80ರದ್ದು. ಕಾರ್ಡ್ 64. ಬ್ಯಾಟರಿ ದಪ್ಪದ್ದು.’